ಒಂಬತ್ತು ಪಿನ್ನುಗಳ ಆಯುಷ್ಯ

ಗುಜರಿಗೆ ಹೋಗುವ ಕಂಪ್ಯೂಟರ್ ಎಷ್ಟೋ ಸಲ ಕೆಟ್ಟಿರುವುದೇ ಇಲ್ಲ. ಅದಕ್ಕೆ ಹೊಸ ಮಾನಿಟರ್ ಜೋಡಿಸಲು ಬರುವುದಿಲ್ಲ, ಹಳೆಯ ಪ್ರಿಂಟರಿನ ಕೇಬಲ್ಲಿಗೆ ಹೊಸ ಕಂಪ್ಯೂಟರಿನಲ್ಲಿ ಜಾಗವಿಲ್ಲ. ಕಾರಣ ಇಷ್ಟೇ ಇರುತ್ತದೆ. ವೇಗ ಸಾಲದೆ ಯಂತ್ರ ಹಳತಾಗುತ್ತದೆ ಎಂಬ ನಮ್ಮ ನಂಬಿಕೆಯನ್ನು ಪೋರ್ಟುಗಳ, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಗಳ, ಚರಿತ್ರೆ ಪೂರ್ತಿಯಾಗಿ ಒಪ್ಪುವುದಿಲ್ಲ. ಯಂತ್ರವೊಂದು ಹೊರಗಿನ ಉಪಕರಣಗಳೊಂದಿಗೆ ವ್ಯವಹರಿಸುವ ನಿಯಮವನ್ನು ಎಲ್ಲರಿಗೂ ಸಿಗುವಂತೆ ಬರೆದಿಟ್ಟಿದ್ದರೆ ಅದು ದಶಕಗಟ್ಟಲೆ ಬಾಳುತ್ತದೆ. ನಿಯಮ ಒಂದೇ ಕಂಪನಿಯ ಗುಟ್ಟಾಗಿದ್ದರೆ ಬೇಗ ಮೂಲೆ ಸೇರುತ್ತದೆ.

ಇದಕ್ಕೆ ಅತ್ಯುತ್ತಮ ಸಾಕ್ಷಿ ಆರ್‌ಎಸ್-232 ಎಂಬ ಸೀರಿಯಲ್ ಪೋರ್ಟು. ಟೆಲಿಪ್ರಿಂಟರ್‌ಗಳನ್ನು ಮೋಡೆಮ್‌ಗಳಿಗೆ ಜೋಡಿಸಲೆಂದು ಅಮೆರಿಕದ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘ 1960ರಲ್ಲಿ ಪ್ರಕಟಿಸಿದ ನಿಯಮ ಇದು. ಆಗ ಮನೆಯ ಕಂಪ್ಯೂಟರ್ ಎಂಬುದೇ ಇರಲಿಲ್ಲ. 1981ರ ಐಬಿಎಂ ಪಿಸಿ ಇದನ್ನು 25 ಪಿನ್ನುಗಳ ರೂಪದಲ್ಲಿ ತಂದಿತು, 1984ರ ಪಿಸಿ/ಎಟಿ ಒಂಬತ್ತಕ್ಕೆ ಇಳಿಸಿತು. ಆ ಒಂಬತ್ತರಲ್ಲೂ ಅನೇಕ ಕೆಲಸಗಳಿಗೆ ಮೂರೇ ಸಾಕು: ಎರಡನೆಯದು ಕೇಳಲು, ಮೂರನೆಯದು ಹೇಳಲು, ಐದನೆಯದು ಗ್ರೌಂಡ್. ತಂತಿಯಲ್ಲಿ ಮೈನಸ್ 3ರಿಂದ ಮೈನಸ್ 15 ವೋಲ್ಟ್ ಇದ್ದರೆ ಅದು 1, ಪ್ಲಸ್ 3ರಿಂದ ಪ್ಲಸ್ 15 ಇದ್ದರೆ 0. ಎರಡು ಕಂಪ್ಯೂಟರ್‌ಗಳನ್ನು ನೇರವಾಗಿ ಜೋಡಿಸಬೇಕಾದರೆ ಎರಡು ಮತ್ತು ಮೂರನೆಯ ತಂತಿಗಳನ್ನು ಅದಲುಬದಲು ಮಾಡಿದರಾಯಿತು. ಬೆಸುಗೆ ಹಾಕಲು ಬರುವ ಯಾರಾದರೂ ಈ ಕೇಬಲ್ ಮಾಡಿಕೊಳ್ಳಬಹುದು, ಯಾರ ಅನುಮತಿಯೂ ಬೇಡ. ಲೋಹ ಕತ್ತರಿಸುವ ಸಿಎನ್‌ಸಿ ಯಂತ್ರಗಳಿಗೆ ಪ್ರೋಗ್ರಾಂ ಕಳಿಸಲು, ತೂಕದ ಯಂತ್ರಗಳಿಂದ ಅಂಕಿ ಪಡೆಯಲು, ನೆಟ್‌ವರ್ಕ್ ರೌಟರ್‌ಗಳನ್ನು ಮೊದಲ ಸಲ ಸಿದ್ಧಪಡಿಸಲು ಇದು ಇವತ್ತಿಗೂ ಬಳಕೆಯಲ್ಲಿದೆ.

ತೊಂಬತ್ತರ ದಶಕದ ಎರಡು ಬಗೆಯ ಮೋಡೆಮ್‌ಗಳನ್ನು ಎದುರುಬದುರು ಇಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಸೀರಿಯಲ್ ಪೋರ್ಟಿಗೆ ಹಾಕುವ ಹೊರಗಿನ ಮೋಡೆಮ್‌ಗೆ ‘ಎಟಿ’ಯಿಂದ ಶುರುವಾಗುವ, ಎಲ್ಲರಿಗೂ ಗೊತ್ತಿದ್ದ ಆದೇಶಗಳು ಸಾಕಾಗಿದ್ದವು, ಅದನ್ನು ಯಾವ ಆಪರೇಟಿಂಗ್ ಸಿಸ್ಟಂ ಬೇಕಾದರೂ ನಡೆಸಬಹುದು. ಅಗ್ಗದ ‘ವಿನ್‌ಮೋಡೆಮ್’ ಮಾತ್ರ ತನ್ನ ಅರ್ಧ ಕೆಲಸವನ್ನು ವಿಂಡೋಸ್ ಡ್ರೈವರಿಗೆ ಬಿಟ್ಟುಕೊಟ್ಟಿತ್ತು. ಆ ಡ್ರೈವರ್ ಹೊಸ ವಿಂಡೋಸಿಗೆ ಬಾರದೇ ಹೋದಾಗ ಕಾರ್ಡು ಕೆಡದೆಯೇ ಕೆಲಸಕ್ಕೆ ಬಾರದಂತಾಯಿತು. ಕನ್ನಡಕ್ಕೂ ಇದೇ ಅನುಭವ ಉಂಟು. ಡಾಸ್ ಕಾಲದಲ್ಲಿ ಭಾರತೀಯ ಲಿಪಿಗಳನ್ನು ತೆರೆಯ ಮೇಲೆ ಮೂಡಿಸಲು ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಕಂಪ್ಯೂಟರಿನೊಳಗಿನ ಸ್ಲಾಟಿನಲ್ಲಿ ಕೂರಿಸುತ್ತಿದ್ದರು. ಆ ಸ್ಲಾಟು ಕಣ್ಮರೆಯಾಗಿ ಬಹುಕಾಲವಾಯಿತು. ಆದರೆ ಆ ಕಾರ್ಡು ಬಳಸುತ್ತಿದ್ದ ಇಸ್ಕಿ ಎಂಬ ಅಕ್ಷರ ಸಂಕೇತ 1991ರಲ್ಲಿ ಭಾರತೀಯ ಮಾನಕವಾಗಿ ಅಚ್ಚಾಗಿದ್ದರಿಂದ, ಅದರಲ್ಲಿ ಬರೆದ ಪಠ್ಯವನ್ನು ಇಂದಿಗೂ ಯೂನಿಕೋಡಿಗೆ ತರಬಹುದು. ಕಾರ್ಡು ಹೋದರೂ ಬರಹ ಉಳಿಯಿತು.

ಎಲ್ಲ ಹಳೆಯ ಪೋರ್ಟುಗಳಿಗೂ ಅಡಾಪ್ಟರ್ ಇದೆ, ಚಿಂತೆ ಯಾಕೆ ಎನ್ನುವವರಿದ್ದಾರೆ. 1996ರಲ್ಲಿ ಬಂದ ಯುಎಸ್‌ಬಿ ಹಲವು ಪೋರ್ಟುಗಳ ಕೆಲಸವನ್ನು ಒಂದಕ್ಕೇ ವಹಿಸಿತು. 1998ರ ಐಮ್ಯಾಕ್ ಹಳೆಯ ಸೀರಿಯಲ್ ಪೋರ್ಟನ್ನೂ ಫ್ಲಾಪಿಯನ್ನೂ ಕೈಬಿಟ್ಟಾಗ ಅಡಾಪ್ಟರ್‌ಗಳ ವ್ಯಾಪಾರ ಕುದುರಿತು. ಯುಎಸ್‌ಬಿಯ ಉಪಕಾರ ದೊಡ್ಡದು, ಅದರ ನಿಯಮವೂ ಪ್ರಕಟವಾದದ್ದೇ. ಆದರೆ ಅಡಾಪ್ಟರ್ ಎಲ್ಲವನ್ನೂ ದಾಟಿಸುವುದಿಲ್ಲ. ಯುಎಸ್‌ಬಿ ಕೀಬೋರ್ಡನ್ನು ಪಿಎಸ್/2 ಎಂಬ ಹಳೆಯ ಕೀಬೋರ್ಡ್ ಪೋರ್ಟಿಗೆ ಜೋಡಿಸುವ ಚಿಕ್ಕ ಅಡಾಪ್ಟರಿನೊಳಗೆ ಬರೀ ತಂತಿಗಳಿವೆ. ಕೀಬೋರ್ಡಿಗೇ ಎರಡೂ ಪದ್ಧತಿ ಗೊತ್ತಿದ್ದರೆ ಮಾತ್ರ ಅದು ನಡೆಯುತ್ತದೆ. ಯುಎಸ್‌ಬಿಯಿಂದ ಪ್ಯಾರಲಲ್ ಪೋರ್ಟಿಗೆ ಹೋಗುವ ಸಾಮಾನ್ಯ ಕೇಬಲ್ ಪ್ರಿಂಟರ್ ನಡೆಸುತ್ತದೆ, ಆದರೆ ಪಿನ್ನುಗಳನ್ನು ನೇರವಾಗಿ ಏರಿಳಿಸಿ ಮೋಟರ್ ತಿರುಗಿಸುವ ಹಳೆಯ ತಂತ್ರಾಂಶಕ್ಕೆ ಅದು ಕಾಣುವುದೇ ಇಲ್ಲ. ಅಂಥಲ್ಲಿ ಒಳಗೆ ಕೂರಿಸುವ ಕಾರ್ಡೇ ಬೇಕು. ಅಡಾಪ್ಟರಿನ ಚಿಪ್ಪಿಗೂ ಡ್ರೈವರಿನ ಹಂಗಿದೆ. 2014ರಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಇಂಥ ಚಿಪ್ಪು ಮಾಡುವ ಎಫ್‌ಟಿಡಿಐ ಕಂಪನಿಯ ಡ್ರೈವರ್, ಆ ಕಂಪನಿಯ ಚಿಪ್ಪಿನ ನಕಲುಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿತು. ನಕಲಿ ಎಂದು ತಿಳಿಯದೆ ಕೊಂಡವರ ಕೇಬಲ್ಲುಗಳೂ ಒಮ್ಮೆಲೇ ಸ್ತಬ್ಧವಾದವು.

ಹಳೆಯ ಯಂತ್ರ ಸುರಕ್ಷಿತವಲ್ಲ, ವಿದ್ಯುತ್ತನ್ನೂ ಹೆಚ್ಚು ನುಂಗುತ್ತದೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ ಬೆಂಬಲ ನಿಂತಿತು. ಅಂಥ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಜೋಡಿಸುವುದು ತಪ್ಪೇ. ಆದರೆ ಲೇತಿನ ಪಕ್ಕದಲ್ಲಿ ಕೂತು ಒಂದು ಸೀರಿಯಲ್ ಕೇಬಲ್ಲಿನಲ್ಲಿ ಪ್ರೋಗ್ರಾಂ ಕಳಿಸುವ ಯಂತ್ರಕ್ಕೆ ಇಂಟರ್ನೆಟ್ ಬೇಕಿಲ್ಲ. ದಿನವಿಡೀ ಚಾಲೂ ಇರುವ ಹಳೆಯ ಡೆಸ್ಕ್‌ಟಾಪಿನ ವಿದ್ಯುತ್ ಬಿಲ್ಲು ದುಬಾರಿ ಎಂಬುದು ನಿಜ; ಅಲ್ಲಿ ಬದಲಾಯಿಸುವುದೇ ಜಾಣತನ. ದಿನಕ್ಕೊಂದು ಗಂಟೆ ದುಡಿಯುವ ಕಂಪ್ಯೂಟರಿಗೆ ಅದೇ ಲೆಕ್ಕ ಹೊಂದದು, ಹೊಸದರ ತಯಾರಿಕೆಗೂ ಅದಿರು, ನೀರು, ಇಂಧನ ಖರ್ಚಾಗುತ್ತದೆ. ಇದಲ್ಲದೆ ಕಂಪ್ಯೂಟರ್ ಎಸೆದಾಗ ಅದರ ಜೊತೆಗಿದ್ದ ಗಟ್ಟಿಮುಟ್ಟಾದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಪ್ರಯೋಗಾಲಯದ ಮಾಪಕ, ಕಾರ್ಖಾನೆಯ ಯಂತ್ರ ಎಲ್ಲವೂ ಸಾಲಾಗಿ ಹೊರಬೀಳುತ್ತವೆ. ಅವುಗಳ ಬೆಲೆ ಕಂಪ್ಯೂಟರಿನ ಬೆಲೆಯ ಎಷ್ಟೋ ಪಟ್ಟು.

ಹಾಗೆಂದು ಹಳೆಯದನ್ನೆಲ್ಲ ಕಾಪಾಡಬೇಕೆಂಬ ವಾದ ನನ್ನದಲ್ಲ. ಶಾಲೆ, ಕಚೇರಿ, ಕಾರ್ಖಾನೆಗೆ ಹೊಸ ಉಪಕರಣ ಕೊಳ್ಳುವವರು ಪ್ರೊಸೆಸರಿನ ವೇಗ ವಿಚಾರಿಸುವಷ್ಟೇ ಕಾಳಜಿಯಿಂದ, ಇದು ಹೊರಗಿನ ಯಂತ್ರದೊಂದಿಗೆ ವ್ಯವಹರಿಸುವ ನಿಯಮ ಪ್ರಕಟವಾಗಿದೆಯೇ, ಕಂಪನಿ ಕೈಬಿಟ್ಟರೆ ಬೇರೆಯವರು ಡ್ರೈವರ್ ಬರೆಯಬಹುದೇ ಎಂದು ಕೇಳಬೇಕು. ಸರ್ಕಾರಿ ಟೆಂಡರುಗಳಲ್ಲಂತೂ ಇದು ಕಡ್ಡಾಯದ ಷರತ್ತಾಗಬೇಕು.