ಗದ್ದೆಯ ರಾಕೆಟ್, ಬಾವಿಯ ರಾಕೆಟ್

ಗಾಜನೂರು ಎಂದರೆ ಹೊರಗಿನವರಿಗೆ ತುಂಗೆಯ ಅಣೆಕಟ್ಟು ನೆನಪಾಗುತ್ತದೆ. ಸಕ್ರೆಬೈಲಿನ ಆನೆ ನೋಡಲು ಹೋಗುವವರಿಗೆ ಅದು ದಾರಿಯಲ್ಲಿ ಸಿಗುವ ಒಂದು ಊರು. ನನಗೆ ಮಾತ್ರ ಆ ಹೆಸರು ಕೇಳಿದೊಡನೆ ಕೊಯ್ಲು ಮುಗಿದ ಒಂದು ಗದ್ದೆ, ಸೈಕಲ್ ಪಂಪು ಮತ್ತು ತಲೆಕೆಳಗಾಗಿ ನಿಂತ ಒಂದು ಪ್ಲಾಸ್ಟಿಕ್ ಬಾಟಲಿ ನೆನಪಾಗುತ್ತವೆ.

ಆಗ ನಾನು ಒಂಬತ್ತನೇ ತರಗತಿ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಏನಾದರೂ ಮಾಡಬೇಕಿತ್ತು. ಜ್ವಾಲಾಮುಖಿ, ಗಾಳಿಯಂತ್ರಗಳನ್ನೆಲ್ಲ ಬೇರೆಯವರು ಆಗಲೇ ಹಿಡಿದಿದ್ದರು. ನಮ್ಮ ನಾಲ್ವರ ಪಾಲಿಗೆ ಉಳಿದದ್ದು ನೀರಿನ ರಾಕೆಟ್. ಬೇಕಾದದ್ದು ಬಹಳವೇನಿಲ್ಲ. ಒಂದು ಬಾಟಲಿ, ಅದರ ಬಾಯಿಗೆ ಬಿಗಿಯಾಗಿ ಕೂರುವ ರಬ್ಬರ್ ಬೂಚು, ಬೂಚಿನ ನಡುವೆ ತೂರಿಸಿದ ಹಳೇ ಸೈಕಲ್ ಟ್ಯೂಬಿನ ವಾಲ್ವ್, ನಿಲ್ಲಿಸಲು ನಾಲ್ಕು ಇಟ್ಟಿಗೆ. ಬಾಟಲಿಗೆ ನೀರು ಹಾಕಿ, ಬೂಚು ಬಿಗಿದು, ತಲೆಕೆಳಗು ಮಾಡಿ ಗಾಳಿ ಹೊಡೆಯುತ್ತಾ ಹೋಗುವುದು. ಒಳಗಿನ ಒತ್ತಡ ಬೂಚಿನ ಹಿಡಿತವನ್ನು ಮೀರಿದ ಕ್ಷಣ ನೀರು ಕೆಳಕ್ಕೆ, ಬಾಟಲಿ ಮೇಲಕ್ಕೆ. ನ್ಯೂಟನ್ನನ ಮೂರನೇ ನಿಯಮವನ್ನು ನಾವು ಬಾಯಿಪಾಠ ಮಾಡಿದ್ದೆವು. ಅದು ನಮ್ಮ ಅಂಗಿ ಒದ್ದೆ ಮಾಡಿದ್ದು ಮಾತ್ರ ಅಂದೇ ಮೊದಲು.

ಮೊದಲ ಬಾಟಲಿ ಮೇಲೇರಲೇ ಇಲ್ಲ, ಪಂಪು ಹೊಡೆಯುತ್ತಿರುವಾಗಲೇ ಪಕ್ಕಕ್ಕೆ ಸೀಳಿತು. ಆ ಸದ್ದಿಗೆ ಹತ್ತಿರ ನಿಂತಿದ್ದ ಗೆಳೆಯನ ಕಿವಿ ಸಂಜೆಯವರೆಗೂ ಗುಂಯ್‌ಗುಟ್ಟುತ್ತಿತ್ತು. ತಪ್ಪು ನಮ್ಮದೇ. ಕುಡಿಯುವ ನೀರಿನ ತೆಳು ಬಾಟಲಿಯನ್ನು ತಂದಿದ್ದೆವು. ತಂಪು ಪಾನೀಯದ ಬಾಟಲಿ ಒಳಗಿನ ಗ್ಯಾಸಿನ ಒತ್ತಡ ತಡೆಯಲೆಂದೇ ತಯಾರಾದದ್ದು. ನೀರಿನ ಬಾಟಲಿಗೆ ಅಂಥ ಹೊಣೆಯಿಲ್ಲ. ಎರಡನೆಯದನ್ನು ಸೋಡಾ ಬಾಟಲಿಯಲ್ಲಿ ಮಾಡಿದೆವು, ಗಾಳಿ ಹೊಡೆಯುವವನನ್ನು ಉದ್ದ ಪೈಪಿನ ಆಚೆ ತುದಿಗೆ ಕೂರಿಸಿದೆವು. ಪೂರ್ತಿ ನೀರು ತುಂಬಿದರೆ ಗಾಳಿಗೆ ಜಾಗವಿಲ್ಲದೆ ಅದು ಮೊಳದೆತ್ತರ ಹಾರಿ ಬಿತ್ತು. ಬರೀ ಗಾಳಿ ತುಂಬಿದರೆ ‘ಠಪ್’ ಎಂದು ಸ್ವಲ್ಪ ಜಿಗಿಯಿತು. ಮೂರನೇ ಒಂದು ಭಾಗದಷ್ಟು ನೀರು ಹಾಕಿದಾಗ ಬದುವಿನ ತೆಂಗಿನ ಮರವನ್ನೂ ದಾಟಿ ಹೋಯಿತು. ಬಾಲದಲ್ಲಿ ರಟ್ಟಿನ ರೆಕ್ಕೆಗಳಿರಲಿಲ್ಲವಾಗಿ ಗಿರಗಿರನೆ ಪಲ್ಟಿ ಹೊಡೆಯುತ್ತಾ ಹೋಯಿತೆನ್ನುವುದು ಬೇರೆ ಮಾತು.

ಪ್ರದರ್ಶನದ ದಿನ ನೋಡಲು ಬಂದ ಒಬ್ಬ ಮೇಷ್ಟ್ರು ಕೇಳಿದರು, “ಎಷ್ಟು ನೀರು ಹಾಕಿದ್ರಿ?”

“ಸುಮಾರು ಇಷ್ಟು ಸಾರ್” ಎಂದು ಬೆರಳಲ್ಲಿ ತೋರಿಸಿದೆವು.

“ಎಷ್ಟು ಸಲ ಪಂಪು?”

“ಸುಮಾರು ಮೂವತ್ತು.”

ಅವರು ನಕ್ಕು, “ನಾಳೆ ನೀವಿಲ್ಲದಿದ್ದರೆ ಇದನ್ನ ಇನ್ನೊಬ್ಬರು ಹಾರಿಸೋದು ಹೇಗೆ?” ಎಂದು ಮುಂದೆ ಹೋದರು. ಬಹುಮಾನ ಬರಲಿಲ್ಲ. ಆ ಪ್ರಶ್ನೆ ಮಾತ್ರ ನನ್ನ ಜೊತೆಗೇ ಉಳಿಯಿತು.

ಇತಿಹಾಸದಲ್ಲಿ ಸಂಶೋಧನೆಗೆ ಸೇರಿದ ಮೇಲೆ ಅದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಯಿತು, ಅದೂ ನಮ್ಮ ಜಿಲ್ಲೆಯಲ್ಲೇ. ಹೊಸನಗರ ತಾಲ್ಲೂಕಿನ ನಗರ ಹಿಂದೆ ಬಿದನೂರು, ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ. ಅಲ್ಲಿನ ಒಂದು ಹಳೇ ಬಾವಿಯಲ್ಲಿ 2002ರಲ್ಲಿ ತುಕ್ಕು ಹಿಡಿದ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ಮೊದಲಿಗೆ ಅವು ಮಾಮೂಲಿ ಫಿರಂಗಿ ಗುಂಡುಗಳೆಂದೇ ಎಣಿಕೆಯಾಗಿ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯ ಸೇರಿದವು. ಅವು ಮೈಸೂರು ರಾಕೆಟ್‌ಗಳೆಂದು ಗುರುತು ಸಿಕ್ಕಿದ್ದು ವರ್ಷಗಳ ಮೇಲೆ. 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ನಗರದಲ್ಲಿ ಮತ್ತೆ ಬಾವಿ ಅಗೆಸಿದಾಗ ಸಾವಿರಕ್ಕೂ ಮಿಕ್ಕಿ ರಾಕೆಟ್‌ಗಳು ಹೊರಬಂದವು. ಉದ್ದ 23ರಿಂದ 26 ಸೆಂಟಿಮೀಟರ್. ಬಾವಿಯ ಮಣ್ಣು ಮದ್ದಿನ ವಾಸನೆ ಹೊಡೆಯುತ್ತಿತ್ತೆಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು.

ಸಂಗ್ರಹಾಲಯದಲ್ಲಿ ಅವನ್ನು ನೋಡಿದಾಗ ನನಗೆ ಮೊದಲು ನೆನಪಾದದ್ದು ಸೀಳಿದ ಆ ನೀರಿನ ಬಾಟಲಿ. ರಾಕೆಟ್ ಮೈಸೂರಿನವರು ಕಂಡುಹಿಡಿದದ್ದಲ್ಲ. ಚೀನಾದಲ್ಲಿ ಅದಕ್ಕೂ ನೂರಾರು ವರ್ಷ ಮುಂಚೆ ಬಾಣದಂತೆ ಹಾರುವ ಮದ್ದಿನ ಕೊಳವೆಗಳಿದ್ದವು. ಆದರೆ ಕಾಗದದ ಅಥವಾ ಬಿದಿರಿನ ಕೊಳವೆಯಲ್ಲಿ ಮದ್ದನ್ನು ಒಂದು ಮಿತಿಗಿಂತ ಹೆಚ್ಚು ಗಿಡಿಯುವಂತಿಲ್ಲ, ಒತ್ತಡ ಹೆಚ್ಚಿದರೆ ಕೊಳವೆಯೇ ಸಿಡಿಯುತ್ತದೆ. ಮೈಸೂರಿನ ಕಮ್ಮಾರರು ಮೆತುಕಬ್ಬಿಣದ ತಗಡನ್ನು ಕೊಳವೆ ಮಾಡಿದರು. ಒಳಗೆ ಮದ್ದು ಬಿಗಿಯಾಗಿ ಕೂತಿತು, ಬೆಂಕಿಯ ಅನಿಲ ಹಿಂಬದಿಯ ಕಿರುಬಾಯಿಯಿಂದ ರಭಸವಾಗಿ ಹೊರಟಿತು, ರಾಕೆಟ್ ಕಿಲೋಮೀಟರ್ ದಾಟಿ ಹೋಯಿತು. ದಾರಿ ತಪ್ಪದಿರಲು ಉದ್ದನೆಯ ಬಿದಿರಿನ ಕೋಲನ್ನೋ ಕತ್ತಿಯ ಅಲಗನ್ನೋ ಕಟ್ಟುತ್ತಿದ್ದರು. ದೀಪಾವಳಿಯ ರಾಕೆಟ್‌ಗೆ ಇವತ್ತಿಗೂ ಕಡ್ಡಿ ಇರುವುದು ಅದೇ ಕಾರಣಕ್ಕೆ. ನಮ್ಮ ಬಾಟಲಿಗೆ ಇಲ್ಲದೆ ಹೋದದ್ದೂ ಅದೇ. ವಿಜ್ಞಾನಿ ರೊದ್ದಂ ನರಸಿಂಹ ಅವರು ಬೆಂಗಳೂರಿನ ಎನ್‌ಎಎಲ್‌ನಿಂದ 1985ರಲ್ಲಿ ಹೊರತಂದ ಬರಹದಲ್ಲಿ ಮೈಸೂರಿನ ಮತ್ತು ಬ್ರಿಟನ್ನಿನ ರಾಕೆಟ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದಾರೆ. ಕಬ್ಬಿಣದ ಆ ಕೊಳವೆಯ ಮಹತ್ವ ನನಗೆ ಮನದಟ್ಟಾದದ್ದು ಅದನ್ನು ಓದಿದ ಮೇಲೆ.

1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನೆಲಕಚ್ಚಿದ ಕಥೆ, ಅವನ ಮದ್ದಿನ ಬಂಡಿಗಳು ಸ್ಫೋಟಿಸಿದ ಕಥೆ ಎಲ್ಲರಿಗೂ ಗೊತ್ತು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲೆ ಆ ಯುದ್ಧದ ಚಿತ್ರವೇ ಇದೆ. ನನ್ನ ಕುತೂಹಲ ಇರುವುದು ಆಮೇಲೆ ನಡೆದದ್ದರಲ್ಲಿ. 1799ರಲ್ಲಿ ಟಿಪ್ಪು ಸತ್ತು ಶ್ರೀರಂಗಪಟ್ಟಣ ಬಿದ್ದಾಗ ಉಡಾಯಿಸಲು ಸಿದ್ಧವಿದ್ದ 700 ರಾಕೆಟ್‌ಗಳು, 9000 ಖಾಲಿ ಕೊಳವೆಗಳು ಸಿಕ್ಕವೆಂದು ಲೆಕ್ಕವಿದೆ. ಲೆಕ್ಕ ಬರೆದಿಟ್ಟದ್ದು ಗೆದ್ದವರು. ಕೆಲವು ರಾಕೆಟ್‌ಗಳು ಲಂಡನ್ ಬಳಿಯ ವುಲಿಚ್‌ಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತ 1804ರ ಹೊತ್ತಿಗೆ ರಾಕೆಟ್ ಪ್ರಯೋಗ ಶುರುಮಾಡಿದ. ಕೊಳವೆಯ ಅಳತೆ, ಮದ್ದಿನ ತೂಕ, ಕೋಲಿನ ಉದ್ದ, ಹಾರಿದ ದೂರ ಎಲ್ಲವನ್ನೂ ಅಳೆದ, ಬರೆದ, ಚಿತ್ರ ಸಮೇತ ಅಚ್ಚು ಹಾಕಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರ ಅವನ ರಾಕೆಟ್‌ಗಳಿಂದ ಹೊತ್ತಿ ಉರಿಯಿತು. ಜಗತ್ತು ಅವಕ್ಕೆ ಕಾಂಗ್ರೀವ್ ರಾಕೆಟ್ ಎಂದೇ ಹೆಸರಿಟ್ಟಿತು.

ಇದನ್ನು ಕಳ್ಳತನ ಎಂದು ಬೈಯುವುದು ಸುಲಭ. ನಮ್ಮವರಿಗೆ ಎಲ್ಲ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳುವುದು ಇನ್ನೂ ಸುಲಭ. ಎರಡರಿಂದಲೂ ನಗರದ ಬಾವಿಯ ಪಕ್ಕದಲ್ಲಿ ಬದುಕಿದ್ದ ಕಮ್ಮಾರ ಯಾರೆಂದು ತಿಳಿಯುವುದಿಲ್ಲ. ಅವನಿಗೆ ಅಳತೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಬಾವಿಯಿಂದ ಬಂದ ಸಾವಿರ ಕೊಳವೆಗಳು ಹೆಚ್ಚುಕಡಿಮೆ ಒಂದೇ ಉದ್ದ ಇವೆ. ಟಿಪ್ಪುವಿನ ಆಡಳಿತವೂ ಬರವಣಿಗೆ ಅರಿಯದ್ದಲ್ಲ. ಸೈನ್ಯದ ಕ್ರಮಗಳನ್ನು ತಿಳಿಸುವ ‘ಫತಹ್-ಉಲ್-ಮುಜಾಹಿದೀನ್’ ಎಂಬ ಪಾರಸಿ ಕೈಪಿಡಿಯೇ ಇತ್ತು. ಆದರೆ ಕುಲುಮೆಯ ಜ್ಞಾನ ಕೈಯಿಂದ ಕೈಗೆ ದಾಟುತ್ತಿದ್ದ ಜ್ಞಾನ. ರಾಜ್ಯ ಬಿದ್ದಿತು, ಕೊಳವೆ ಮಾಡಿಸುವವರಿಲ್ಲದಾದರು, ಒಂದೆರಡು ತಲೆಮಾರಿಗೆ ಕೈಗಳು ಬೇರೆ ಕೆಲಸ ಹಿಡಿದವು. ಬಾವಿಯಿಂದ ಮೇಲೆ ಬಂದಾಗ ಅದನ್ನು ಕಂಡೊಡನೆ ‘ಇದು ರಾಕೆಟ್’ ಎನ್ನುವವರು ಅದೇ ಊರಲ್ಲಿ ಇರಲಿಲ್ಲ. ನನಗೆ ನೋವಾಗುವುದು ಇಲ್ಲಿ. ಕಾಂಗ್ರೀವನ ಹೆಸರು ಉಳಿದದ್ದಕ್ಕೆ ಸಾಮ್ರಾಜ್ಯದ ಬಲ ಒಂದು ಕಾರಣ, ಅವನ ಟಿಪ್ಪಣಿ ಪುಸ್ತಕ ಇನ್ನೊಂದು.

ಕಳೆದ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ನೆರೆಮನೆಯ ಹುಡುಗಿ ಮತ್ತವಳ ಗೆಳತಿಯರು ಅದೇ ಗದ್ದೆಯಲ್ಲಿ ಸೋಡಾ ಬಾಟಲಿಗೆ ರಟ್ಟಿನ ರೆಕ್ಕೆ ಅಂಟಿಸುತ್ತಾ ಕೂತಿದ್ದರು. ನಮ್ಮ ಕಾಲಕ್ಕಿಂತ ಚುರುಕು, ರೆಕ್ಕೆ ಬೇಕೆಂದು ಅವರಿಗೆ ಆಗಲೇ ಗೊತ್ತಿತ್ತು. ನಾನು ಹೆಚ್ಚೇನೂ ಹೇಳಲಿಲ್ಲ. ದೂರ ನಿಂತು ಪಂಪು ಹೊಡೆಯಿರಿ ಎಂದೆ. ಬ್ಯಾಗಿನಲ್ಲಿದ್ದ ನೋಟ್‌ಬುಕ್ಕಿನ ಒಂದು ಹಾಳೆಗೆ ಗೆರೆ ಹಾಕಿ, ನೀರೆಷ್ಟು, ಪಂಪೆಷ್ಟು, ಏನಾಯಿತು ಎಂದು ಮೂರು ಕಾಲಂ ಮಾಡಿಕೊಟ್ಟೆ. ಮೇಲ್ಗಡೆ ನಿಮ್ಮೆಲ್ಲರ ಹೆಸರು ಬರೆಯಿರಿ ಎಂದೆ. ಅವರಿಗೆ ಅದು ಪರೀಕ್ಷೆಯ ಹಾಳೆಯಂತೆ ಕಂಡು ಸ್ವಲ್ಪ ಬೇಸರವಾಯಿತು.

ಆದರೂ ಬರೆದರು. ಸಂಜೆ ಹೊರಡುವಾಗ ಹಾಳೆ ನೋಡಿದೆ. ಮೇಲೆ ನಾಲ್ಕು ಹೆಸರು. ಕೆಳಗೆ ಮೂರನೇ ಸಾಲಿನಲ್ಲಿ ಹೀಗಿತ್ತು: 600 ಮಿಲಿಲೀಟರ್, 28 ಪಂಪು, ತೆಂಗಿನ ಮರ ದಾಟಿತು, ಎಡಕ್ಕೆ ವಾಲಿತು, ರೆಕ್ಕೆ ಸರಿ ಮಾಡಬೇಕು.