ಅಮ್ಮನ ಮಜ್ಜೆ, ಪರೇಲಿನ ಚರಿತ್ರೆ

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದರೆ ಲ್ಯಾಮಿಂಗ್ಟನ್ ರೋಡ್ ಹತ್ತಿರ. ಎಂಟೆಕ್ ಮುಗಿಸಿ ಮುಂಬಯಿಗೆ ಬಂದ ಹೊಸತರಲ್ಲಿ ಅಗ್ಗದ ಹಾರ್ಡ್ ಡಿಸ್ಕ್ ಹುಡುಕುತ್ತ ಅಲೆದ ರಸ್ತೆ ಅದು. ಕಳೆದ ವರ್ಷ ಅದೇ ರಸ್ತೆಯಲ್ಲಿ ಅಮ್ಮನನ್ನು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಧಾರವಾಡದಿಂದ ಬಂದವಳಿಗೆ ನಮ್ಮ ಎರಡನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು. ಹಿಮೋಗ್ಲೋಬಿನ್ 5.8. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಕೂಡ ಕಡಿಮೆ. "ಲ್ಯುಕೇಮಿಯಾ ಇರಬಹುದು, ಇಲ್ಲದೆಯೂ ಇರಬಹುದು. ಬೋನ್ ಮ್ಯಾರೋ ನೋಡಿದರೆ ಗೊತ್ತಾಗುತ್ತೆ" ಎಂದರು ಡಾಕ್ಟರು.

ಸೊಂಟದ ಹಿಂಬದಿಯ ಮೂಳೆಗೆ ಮರಗಟ್ಟುವ ಮದ್ದು ಕೊಟ್ಟು ದಪ್ಪ ಸೂಜಿ ಇಳಿಸುತ್ತಾರೆ. ಮೊದಲು ಸಿರಿಂಜಿನಿಂದ ಮಜ್ಜೆ ಎಳೆದು ಗಾಜಿನ ಮೇಲೆ ಸವರುತ್ತಾರೆ. ಆ ಎಳೆತಕ್ಕೆ ಮದ್ದು ನಾಟುವುದಿಲ್ಲ. ಅಮ್ಮ ನನ್ನ ಕೈ ಹಿಡಿದ ಬಿಗಿ ಇನ್ನೂ ನೆನಪಿದೆ. ಆಮೇಲೆ ಮೂಳೆಯ ಒಂದು ಸಣ್ಣ ಕಡ್ಡಿಯಂಥ ತುಂಡು. ಅದರ ಸುಣ್ಣ ಕರಗಿಸಿ, ಕತ್ತರಿಸಿ ನೋಡಬೇಕಾದ್ದರಿಂದ ತಡ.

ಕಾಯುವ ಆ ದಿನಗಳಲ್ಲಿ ಓದಿದ್ದೇ ಕೆಲಸ. ರಕ್ತ ಹುಟ್ಟುವುದು ಮಜ್ಜೆಯಲ್ಲಿ ಎಂದು 1868ರಲ್ಲಿ ಹೇಳಿದವನು ಜರ್ಮನಿಯ ನಾಯ್ಮನ್. ಆದರೆ ಬಹುಕಾಲ ಮಜ್ಜೆಯನ್ನು ನೋಡುತ್ತಿದ್ದುದು ಹೆಚ್ಚಾಗಿ ಸತ್ತ ಮೇಲೆಯೇ. 1927ರಲ್ಲಿ ಲೆನಿನ್‌ಗ್ರಾಡಿನ ಅರಿಂಕಿನ್ ಬೆನ್ನುಹುರಿಗೆ ಬಳಸುವ ಸೂಜಿಯನ್ನೇ ಎದೆಮೂಳೆಗೆ ಚುಚ್ಚಿ ಹಾದಿ ಸರಳ ಮಾಡಿದ. ಎದೆಮೂಳೆಯ ಹಿಂದೆ ಹೃದಯವಿದೆ. ಹಾಗಾಗಿ ಸೂಜಿ ನಿಧಾನವಾಗಿ ಸೊಂಟಕ್ಕೆ ಸರಿಯಿತು.

ಆ ಸೂಜಿ ಇನ್ನೂ ಹೊಸದಾಗಿದ್ದ 1931ರಲ್ಲಿ ಮೆಹರ್‌ಬಾಯಿ ಟಾಟಾ ಲ್ಯುಕೇಮಿಯಾದಿಂದ ವೇಲ್ಸ್‌ನಲ್ಲಿ ತೀರಿಕೊಂಡರು. ನಮ್ಮವರೇ ಎನ್ನಬಹುದು: ತಂದೆ ಹೋರ್ಮಸ್‌ಜಿ ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿದ್ದರು, ಮಗಳು ಬೆಳೆದದ್ದು ಬೆಂಗಳೂರು, ಮೈಸೂರುಗಳಲ್ಲಿ. ಗಂಡ ದೊರಾಬ್‌ಜಿ 1932ರಲ್ಲಿ ಆಕೆಯ ಹೆಸರಿನಲ್ಲಿ ಟ್ರಸ್ಟ್ ಮಾಡಿ ಲ್ಯುಕೇಮಿಯಾ ಸಂಶೋಧನೆಗೆ ಹಣವಿಟ್ಟರು. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ಬಂದದ್ದು 1941ರಲ್ಲಿ. ಅಮ್ಮನನ್ನು ಅಲ್ಲಿಗೆ ಕರೆದೊಯ್ಯಬೇಕಾಗುತ್ತದೆ ಎಂದೇ ನಾನು ಮನಸ್ಸಿನಲ್ಲಿ ಪ್ಲಾನ್ ಹಾಕಿಬಿಟ್ಟಿದ್ದೆ. ಪ್ರಾಜೆಕ್ಟ್ ಮ್ಯಾನೇಜರನ ಚಟ.

ರಿಪೋರ್ಟ್ ಬಂತು. ಕ್ಯಾನ್ಸರ್ ಕಣಗಳಿಲ್ಲ, ಬದಲಿಗೆ ಮೆಗಲೋಬ್ಲಾಸ್ಟ್: ಬಲಿಯದೆ ಊದಿಕೊಂಡ ಕೆಂಪುಕಣದ ಮರಿಗಳು. ಈ ಹೆಸರಿನ ಕಥೆಯೂ ನನ್ನನ್ನು ಪರೇಲಿಗೇ ತಂದು ನಿಲ್ಲಿಸಿತು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿನ ಹಾಫ್‌ಕಿನ್ ಸಂಸ್ಥೆಗೆ ಬಂದಳು. ಬಡ ಗರ್ಭಿಣಿಯರು ರಕ್ತ ಬತ್ತಿ ಸಾಯುತ್ತಿದ್ದರು. ಆಕೆ ಅವರು ಏನು ಉಣ್ಣುತ್ತಾರೆ ಎಂದು ಬರೆದುಕೊಂಡಳು. ಅಂಥದೇ ಊಟ ಕೊಟ್ಟು ರಕ್ತ ಬತ್ತಿಸಿದ ಮಂಗಗಳಿಗೂ, ಆ ಹೆಂಗಸರಿಗೂ ಯೀಸ್ಟಿನಿಂದ ಮಾಡುವ ಅಗ್ಗದ ಮಾರ್ಮೈಟ್ ಗುಣ ಕೊಟ್ಟಿತು. 1931ರಲ್ಲಿ ಅದನ್ನು ಪ್ರಕಟಿಸಿದಳು. ಶುದ್ಧೀಕರಿಸಿದ ಲಿವರ್ ಸಾರ ಈ ರೋಗಿಗಳಿಗೆ ನಾಟಲಿಲ್ಲ. ಅಂದರೆ ಕೊರತೆ ಬೇರೆಯದೇ ಎಂದು ಹೊಳೆದದ್ದೂ ಆಕೆಗೆ. ಅದೇ ಮುಂದೆ ಫೋಲಿಕ್ ಆಸಿಡ್ ಎನ್ನಿಸಿತು. ಲಿವರ್ ಸಾರದಲ್ಲಿದ್ದ ಬಿ12 ಸಿಕ್ಕದ್ದು 1948ರಲ್ಲಿ.

ಯಾವುದೇ ಒಂದರ ಕೊರತೆಯಾದರೂ ಮಜ್ಜೆ ಕಾಣುವುದು ಒಂದೇ ಥರ. ಗಾಜಿನ ಮೇಲೆ ಏನಾಗಿದೆ ಎಂದು ಕಾಣುತ್ತದೆ, ಯಾಕೆ ಎನ್ನುವುದಕ್ಕೆ ಬೇರೆ ರಕ್ತಪರೀಕ್ಷೆ ಬೇಕು, ಊಟವನ್ನೂ ಕೇಳಬೇಕು. ಅಮ್ಮನಿಗಿದ್ದದ್ದು ಬಿ12 ಕೊರತೆ. ಹೊಟ್ಟೆಗೆ ಆಗಿಬರೋದಿಲ್ಲವೆಂದು ಐದು ವರ್ಷದಿಂದ ಹಾಲು, ಮೊಸರು ಬಿಟ್ಟಿದ್ದಳಂತೆ. ಪ್ರತಿ ಭಾನುವಾರ ಫೋನಿನಲ್ಲಿ "ಊಟ ಆಯ್ತಾ?" ಎಂದು ಕೇಳುತ್ತಿದ್ದೆ. ಏನು ಉಂಡಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮೂರನೇ ಇಂಜೆಕ್ಷನ್ನಿನ ದಿನ, ಹಾಸಿಗೆಯ ಪಕ್ಕ ಕೂತು ಇದನ್ನೆಲ್ಲ ಹೇಳಿದೆ. ಮೆಹರ್‌ಬಾಯಿ, ಅರಿಂಕಿನ್, ಲೂಸಿ ವಿಲ್ಸ್ ಎಲ್ಲರನ್ನೂ ಕೇಳಿಸಿಕೊಂಡ ಅಮ್ಮ, "ಅದಿರ್ಲಿ ತಮ್ಮಾ, ಆ ಮಂಗ್ಯಾ ಉಳೀತೋ ಇಲ್ಲೋ?" ಅಂದಳು.