ಕಂಪ್ಯೂಟರ್ ಮೇಷ್ಟ್ರ ಬೀಗದ ಕೈ

ಕೇಂದ್ರ ಸರ್ಕಾರ 1984ರಲ್ಲಿ ‘ಕ್ಲಾಸ್’ ಎಂಬ ಕಂಪ್ಯೂಟರ್ ಕಲಿಕೆಯ ಯೋಜನೆ ಹೂಡಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಟ್ಟಾಗ ಕಂಪ್ಯೂಟರ್ ಮೇಷ್ಟ್ರು ಅಂತ ಬೇರೆ ಹುದ್ದೆ ಎಲ್ಲಿತ್ತು? ಇದ್ದ ಶಿಕ್ಷಕರಿಗೇ ಚುಟುಕು ತರಬೇತಿ. ಗಣಿತ ಹೇಳುತ್ತಿದ್ದ ನನ್ನ ಕೊರಳಿಗೂ ಆ ಹೊಣೆ ಬಿತ್ತು, ಕಂಪ್ಯೂಟರ್ ಕೋಣೆಯ ಬೀಗದ ಕೈ, ದಾಸ್ತಾನು ಪುಸ್ತಕದ ಸಮೇತ!

ಆ ಯಂತ್ರದ ಮೆಮೊರಿ ಬರೀ 32 ಕಿಲೋಬೈಟ್. ಮಕ್ಕಳು ಪ್ರೋಗ್ರಾಮಿನ ಸಾಲುಗಳಿಗೆ 10, 20, 30 ಎಂದು ಸಂಖ್ಯೆ ಕೊಟ್ಟು ಕಂಪ್ಯೂಟರ್ ಭಾಷೆ ಬೇಸಿಕ್‌ನಲ್ಲಿ ಮಗ್ಗಿ ಬರೆಸುತ್ತಿದ್ದರು. ನಡುವೆ ಹೊಸ ಸಾಲು ತೂರಿಸಲು 15 ಎಂದರಾಯಿತು. ಅಷ್ಟರಲ್ಲಿ ಕರೆಂಟು ಹೋದರೆ ಎಲ್ಲ ಮಂಗಮಾಯ. ಹಾಗಾಗಿ ಮೊದಲು ನೋಟ್‌ಬುಕ್ಕು, ಆಮೇಲೆ ಕೀಲಿಮಣೆ. ಅದೇ ಸರಿಯಾದ ಕ್ರಮವೆಂದು ಈಗಲೂ ನನ್ನ ವಾದ. ಧೂಳಿನ ಭಯಕ್ಕೆ ಚಪ್ಪಲಿ, ಸೀಮೆಸುಣ್ಣ ಎರಡೂ ಬಾಗಿಲಾಚೆ.

2000ದ ದಶಕದ ಆರಂಭದಲ್ಲಿ ರಾಜ್ಯ ಸರ್ಕಾರದ ಕಂಪ್ಯೂಟರ್ ಶಿಕ್ಷಣ ಯೋಜನೆ ‘ಮಾಹಿತಿ ಸಿಂಧು’ ಬಂತು. ಸರ್ಕಾರಿ ಪ್ರೌಢಶಾಲೆಗಳಿಗೆ ಖಾಸಗಿ ಸಂಸ್ಥೆಗಳಿಂದ ಕಂಪ್ಯೂಟರ್ ಬೋಧಕರೇ ಬರತೊಡಗಿದರು.